ಅಳಿಸಿಹೋದ ನಂಬರು

ಅಂದಿನ ತಾಪತ್ರಯಕ್ಕೆಲ್ಲ ಮೂಲ ಒಂದು ಹುಣಸೆಹಣ್ಣಿನ ಉಂಡೆ.

ಬೈರಿದೇವರಕೊಪ್ಪದ ಗುರುಪಾದ ಬೆಳಗ್ಗೆ ಆರೂವರೆಗೆ ಸ್ನಾನ ಮುಗಿಸಿ ದೇವರ ಜಗುಲಿಯ ಮುಂದೆ ಬಂದಾಗ, ಅವನ ತಾಯಿ ಸಂಗವ್ವ ಆ ಉಂಡೆಯಿಂದ ಒಂದು ಹಿತ್ತಾಳೆ ತಗಡನ್ನು ತಿಕ್ಕಿ, ತೊಳೆದು, ಸೆರಗಿನಿಂದ ಒರೆಸಿ, ಲಿಂಗದ ಕರಡಿಗೆಯ ಪಕ್ಕಕ್ಕೆ ಒರಗಿಸುತ್ತಿದ್ದಳು. ಅಂಗೈಯಗಲದ ಆ ತಗಡು ದೇವರದಲ್ಲ. ಮನೆಯ ಹಳೇ ಟ್ರ್ಯಾಕ್ಟರಿನದು. ಗಾಡಿ ತಯಾರಿಸಿದ ಕಂಪನಿಯವರು ಅದರ ಸಂಖ್ಯೆಯನ್ನು ಒತ್ತಿ ಸ್ಟೀರಿಂಗಿನ ಕೆಳಗೆ ಬಡಿದು ಕಳಿಸಿದ ನಂಬರ್ ಪ್ಲೇಟು. ಅನ್ನ ಕೊಡುವ ಯಂತ್ರದ ಹೆಸರಿಗೆ ಕಾಲು ತಾಗಬಾರದೆಂದು ಗುರುಪಾದನ ತಂದೆ ಮಡಿವಾಳಪ್ಪ ಯಾವುದೋ ಕಾಲದಲ್ಲಿ ಅದನ್ನು ಬಿಚ್ಚಿ ಜಗುಲಿಗೆ ಏರಿಸಿದ್ದರು. ಅಂದಿನಿಂದ ಪ್ರತಿ ಅಮಾವಾಸ್ಯೆಗೆ ಗಂಟೆ, ದೀಪದ ಸಮೆ, ಆರತಿ ತಟ್ಟೆಗಳ ಜೊತೆ ಅದಕ್ಕೂ ಹುಣಸೆಹಣ್ಣಿನ ಸ್ನಾನವಾಗುತ್ತಿತ್ತು. ಸಂಗವ್ವ ಮರೆತರೆ ಮಡಿವಾಳಪ್ಪನವರೇ ನೆನಪು ಮಾಡುತ್ತಿದ್ದರು.

ಹಿಂದಿನ ದಿನ ಗುರುಪಾದ ತಾಯಿಗೆ, "ಅವ್ವಾ, ನಾಳೆ ನಂಬರ್ ಚಂದಾಗಿ ಕಾಣೂಹಂಗ ಒಂದೀಟು ಸ್ವಚ್ಛ ಮಾಡಿಡು," ಎಂದು ಹೇಳಿದ್ದ. ಎರಡು ತಿಂಗಳ ಹಿಂದೆ ನೋಡಿದಾಗ ಕುಂಕುಮ ತುಂಬಿಕೊಂಡ ಸಣ್ಣ ಸಣ್ಣ ಗೆರೆಗಳು ಕಂಡಿದ್ದವು. ಕುಂಕುಮ ತೆಗೆದರೆ ಅಂಕಿಗಳು ಸಿಗುತ್ತವೆಂದು ನಂಬಿಕೊಂಡಿದ್ದ.

"ಒಂದ್ ತಾಸು ತಿಕ್ಕೇನಿ ನೋಡು. ಮುಖಾ ಕಾಣತೈತಿ," ಎಂದಳು ಸಂಗವ್ವ.

ಗುರುಪಾದ ತಗಡನ್ನು ಕಿಟಕಿಯ ಬೆಳಕಿಗೆ ಹಿಡಿದ. ಮುಖ ಕಾಣುತ್ತಿತ್ತು. ಮುಖ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

"ಅವ್ವಾ, ಇದರ ಮ್ಯಾಲಿನ ನಂಬರ್ ಎಲ್ಲಿ ಹೋತು?"

"ಎಲ್ಲಿಗೆ ಹೋಗತೈತಿ? ಅಲ್ಲೇ ಐತಿ, ನೀಟಾಗಿ ನೋಡು."

"ಇಲ್ಲವ್ವಾ."

ಸಂಗವ್ವ ಕನ್ನಡಕ ಏರಿಸಿಕೊಂಡು ತಗಡನ್ನು ತಿರುಗಿಸಿ ಮುರುಗಿಸಿ ನೋಡಿದಳು. ಆಮೇಲೆ ಸಮಾಧಾನದಿಂದ, "ಹೊಲಸು ಹೋಗೇತಿ ಅಷ್ಟ," ಎಂದಳು.

ಆ ಹೊಲಸು ಯಾಕೆ ಬೇಕಿತ್ತೆಂದರೆ, ಬರುವ ಭಾನುವಾರ ಹೆಬ್ಬಳ್ಳಿಯಿಂದ ಧಾರವಾಡದವರೆಗೆ ಹಳೇ ಟ್ರ್ಯಾಕ್ಟರುಗಳ ಮೆರವಣಿಗೆ ಇತ್ತು. 'ಹಳೇ ಯಂತ್ರಗಳ ಬಳಗ' ಎಂಬ ಹೆಸರಿನ ಹತ್ತಾರು ಜನ ಸೇರಿ ಅದನ್ನು ಏರ್ಪಡಿಸಿದ್ದರು. ಮೊದಲ ಸಾಲಿನಲ್ಲಿ ಹೋಗಬೇಕೆಂದರೆ ಎರಡು ಷರತ್ತು. ಗಾಡಿಯ ಮುಖ್ಯ ಭಾಗಗಳೆಲ್ಲ ಅಸಲಿಯಾಗಿರಬೇಕು, ಮತ್ತು ಅದರ ಮೇಲೆ ಕೂಡುವವರು ಅದನ್ನು ಮೊದಲು ಕೊಂಡ ಮನೆತನದವರಾಗಿರಬೇಕು. ಉಳಿದವರು ಹಿಂದೆ ಟೆಂಪೋಗಳಲ್ಲಿ ಬರಬಹುದು. ಪರೀಕ್ಷಕರು ಅಂದೇ ಸಂಜೆ ನಾಲ್ಕಕ್ಕೆ ಬರುವವರಿದ್ದರು.

ಎಂಬತ್ತೆರಡು ವರ್ಷದ ಮಡಿವಾಳಪ್ಪ ಆಗಲೇ ರುಮಾಲಿಗೆ ಇಸ್ತ್ರಿ ಮಾಡಿಸಿಟ್ಟಿದ್ದರು. ಹುಟ್ಟಿದೂರಾದ ಹೆಬ್ಬಳ್ಳಿಯ ಎಲ್ಲರಿಗೂ ಫೋನು ಹಚ್ಚಿ, "ರವಿವಾರ ಊರ ಅಗಸಿ ಬಾಗಲಾ ಮುಂದ ನಿಂದರ್ರಿ. ಎಲ್ಲಾರಕಿಂತ ಮುಂದ ನಾ ಬರತೇನಿ," ಎಂದು ಹೇಳಿ ಮುಗಿಸಿದ್ದರು. ಫೋನು ಎತ್ತದವರಿಗೆ ಎತ್ತಿದವರ ಕೈಯಲ್ಲಿ ಹೇಳಿ ಕಳಿಸಿದ್ದರು. ಆದ್ದರಿಂದ ಗುರುಪಾದನಿಗೆ ಮೊದಲ ಸಾಲು ತಪ್ಪುವಂತಿರಲಿಲ್ಲ.

ಅವನು ಹುಬ್ಬಳ್ಳಿಯ ಒಂದು ಬಿಡಿಭಾಗಗಳ ಅಂಗಡಿಯಲ್ಲಿ ಕೌಂಟರಿನ ಹಿಂದೆ ನಿಲ್ಲುವ ಮನುಷ್ಯ. ಮೂರು ವರ್ಷದಿಂದ ರಜೆಯ ದಿನಗಳಲ್ಲೆಲ್ಲ ಆ ಟ್ರ್ಯಾಕ್ಟರಿನ ಕೆಳಗೇ ಮಲಗಿರುತ್ತಿದ್ದ. ಬೀಡುಕಬ್ಬಿಣದ ಭಾಗಗಳನ್ನು ಎರಕ ಹೊಯ್ಯುವಾಗಲೇ ಅವುಗಳ ಮೇಲೆ ತಿಂಗಳು, ವರ್ಷದ ಗುರುತು ಮೂಡಿಸುತ್ತಿದ್ದರಂತೆ. ಆ ಗುರುತು ಗಾಡಿ ತಯಾರಾದ ತಿಂಗಳಿಗಿಂತ ಹಿಂದಿನದಿದ್ದರೆ ಭಾಗ ಅಸಲಿ, ಮುಂದಿನದಾದರೆ ಆಮೇಲೆ ಕೂಡಿಸಿದ್ದು. ಗುರುಪಾದ ಹೀಗೆ ಒಂದೊಂದೇ ಭಾಗವನ್ನು ಪರೀಕ್ಷಿಸಿ ಇನ್ನೂರು ಪುಟದ ನೋಟುಬುಕ್ಕು ತುಂಬಿಸಿದ್ದ. ಒಮ್ಮೆ ಎಡಗಡೆಯ ದೀಪದ ಗಾಜು ಗಾಡಿಗಿಂತ ಎರಡು ವರ್ಷ ಚಿಕ್ಕದೆಂದು ಗೊತ್ತಾಗಿ ಅವನಿಗೆ ಎರಡು ದಿನ ಊಟ ರುಚಿಸಿರಲಿಲ್ಲ. ಈಗ ಇಡೀ ಗಾಡಿಯಲ್ಲಿ ಹೊಸದೆಂದರೆ ರೇಡಿಯೇಟರಿನ ನೀರು ಬಿಡುವ ನಲ್ಲಿ ಒಂದೇ. ಅದನ್ನೂ ನೋಟುಬುಕ್ಕಿನ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದು ಸಹಿ ಮಾಡಿದ್ದ.

ಮನೆತನದ ಸಾಕ್ಷಿಗೆ ಬಾಕಿ ಇದ್ದದ್ದು ಗಾಡಿಯ ನಂಬರು ಒಂದೇ. ಆರ್.ಸಿ. ಪುಸ್ತಕವನ್ನು ಗೆದ್ದಲು ತಿಂದು ಎಷ್ಟೋ ವರ್ಷಗಳಾಗಿದ್ದವು.

ಗುರುಪಾದ ತಂದೆಯ ಕೋಣೆಗೆ ಹೋದ. "ಅಪ್ಪಾ, ನಮ್ಮ ಗಾಡಿ ನಂಬರ್ ನಿಮಗ ನೆನಪೈತೇನು?"

ಮಡಿವಾಳಪ್ಪ ಪೇಪರಿನಿಂದ ಕಣ್ಣು ತೆಗೆಯಲಿಲ್ಲ. "ಎತ್ತಿಗೆ ಯಾರರ ನಂಬರ್ ಕೇಳತಿದ್ರೇನು? ಗಾಡಿ ನಂದು ಅಂತ ಊರಿಗೆಲ್ಲಾ ಗೊತ್ತೈತಿ. ಸುಮ್ನಿರು."

"ಪರೀಕ್ಷಾ ಮಾಡಾವ್ರು ಕೇಳತಾರಪ್ಪಾ."

"ಕೇಳಿದ್ರ ನನ್ನ ಕಡೆ ಕಳಸು."

ಗುರುಪಾದನ ಹೆಂಡತಿ ಸೌಮ್ಯಾ ಶಾಲೆಗೆ ಪಾಠ ಹೇಳಲು ಹೊರಟಿದ್ದವಳು ಚಪ್ಪಲಿ ಮೆಟ್ಟುತ್ತ ನಿಂತಳು. "ಸಂಜೀಕ ಅವರು ಬಂದಾಗ ನನ್ನೂ ಒಂದ್ ಸಲ ತೋರಸ್ರಿ. ಹದಿನೆಂಟು ವರ್ಷ ಆತು, ನಾನರ ಅಸಲಿ ಹೌದೋ ಅಲ್ಲೋ ನೀವು ಬರದ ಇಟ್ಟಿಲ್ಲ," ಎಂದು ಹೇಳಿ ಉತ್ತರಕ್ಕೆ ಕಾಯದೆ ಹೋದಳು. ಗುರುಪಾದ ಸ್ವಲ್ಪ ಹೊತ್ತು ಅದನ್ನೂ ನಿಜವಾದ ಆಕ್ಷೇಪವೆಂದೇ ತಿಳಿದು ಯೋಚಿಸಿದ.

ಅಷ್ಟರಲ್ಲಿ ಸಂಗವ್ವ ಕಂಪೌಂಡಿನ ಮೇಲಿಂದ ಸುದ್ದಿ ದಾಟಿಸಿದ್ದಳು. ಮೊದಲು ಬಂದವನು ಓಣಿಯ ತುದಿಯಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡ ಬಾಬುಸಾಬ. ಮದುವೆಗೆ ಉಡುಗೊರೆ ಕೊಡುವ ಸ್ಟೀಲು ಪಾತ್ರೆಗಳ ಮೇಲೆ ಹೆಸರು ಕೊರೆಯುವುದರಲ್ಲಿ ಅವನದು ಒಳ್ಳೆಯ ಕೈ. ಕೊರೆಯುವ ಯಂತ್ರವನ್ನು ಚೀಲದಲ್ಲಿ ಹಾಕಿಕೊಂಡೇ ಬಂದಿದ್ದ.

"ಇದಕ್ಯಾಕ ಇಷ್ಟು ಚಿಂತಿ ಮಾಡತೀರಿ ಗುರುಪಾದಣ್ಣಾ? ನಂಬರ್ ಹೇಳ್ರಿ. ಐದು ಮಿನಿಟಿನ್ಯಾಗ ಕೊರದು ಕೊಡತೇನಿ."

"ನಂಬರ್ ಗೊತ್ತಿಲ್ಲಲ್ಲೋ ಬಾಬು."

"ಹಂಗಾರ ನಿಮಗ ಲಾಯಕ್ ಅನಸೂವಂಥಾದು ಯಾವುದರ ಒಂದು ಹೇಳ್ರಿ. ಬೇಕಂದ್ರ ಸುತ್ತಲೂ ಹೂವಿನ ಬಳ್ಳಿ ಸುದ್ದಾ ಹಾಕತೇನಿ."

ಗುರುಪಾದನಿಗೆ ಒಂದು ಕ್ಷಣ ಆಸೆಯಾಯಿತು. ನಾಲ್ಕು ಅಂಕಿ. ಯಾರಿಗೂ ಗೊತ್ತಾಗುವುದಿಲ್ಲ. ಆದರೆ ತನಗೆ ಗೊತ್ತಾಗುತ್ತದೆ. ನಲ್ಲಿಯನ್ನು ಕೆಂಪು ಶಾಯಿಯಲ್ಲಿ ಬರೆದವನು ನಂಬರನ್ನು ಯಾವ ಶಾಯಿಯಲ್ಲಿ ಬರೆಯಬೇಕು?

"ಬ್ಯಾಡೋ ಬಾಬು. ಅದು ಖೊಟ್ಟಿ ಆಗತೈತಿ."

"ಮದವ್ಯಾಗ ಹೆಸರು ಹಾಕಿಸಿ ಕೊಡಾವ್ರೆಲ್ಲಾ ಪ್ರೀತಿಲೆ ಕೊಟ್ಟಿರತಾರೇನ್ರಿ? ನಾ ಕೊರೀತೇನಿ, ಅಷ್ಟ," ಎಂದು ಬಾಬುಸಾಬ ಯಂತ್ರವನ್ನು ಮತ್ತೆ ಚೀಲಕ್ಕೆ ಹಾಕಿದ. ಆದರೆ ಹೋಗಲಿಲ್ಲ. ಕಟ್ಟೆಯ ಮೇಲೆ ಕುಳಿತ.

ಗುರುಪಾದ ಬೆಂಗೇರಿಯಲ್ಲಿ ಗ್ಯಾರೇಜು ಇಟ್ಟಿರುವ ಮೆಹಬೂಬನಿಗೆ ಫೋನು ಮಾಡಿದ. ಈ ಟ್ರ್ಯಾಕ್ಟರಿನ ಎಂಜಿನ್ನನ್ನು ಬಿಚ್ಚಿ ಮತ್ತೆ ಕಟ್ಟಿದವನು ಅವನೇ.

"ತಗಡು ಹೋದ್ರ ಹೋಗಲಿ ಬಿಡ್ರಿ," ಎಂದ ಮೆಹಬೂಬ. "ಅದ ನಂಬರ್ ಬೀಡಿನ ಮ್ಯಾಲೂ ಬಡದಿರತಾರ. ಎಡಗಡೆ ಐತಿ."

"ನಾ ಎಲ್ಲೂ ನೋಡಿಲ್ಲಲ್ಲ?"

"ಹೆಂಗ ನೋಡತೀರಿ? ಅದರ ಮ್ಯಾಲ ಪುಟ್ಟಿ ಮೆತ್ತಿ, ಪ್ರೈಮರ್ ಹೊಡದು, ಮೂರು ಕೈ ಬಣ್ಣ ಕೊಟ್ಟೇವಲ್ಲ. ನೀವ ನಿಂತು ಕೊಡಿಸೀರಿ. 'ಇನ್ನೊಂದ್ ಕೈ, ಇನ್ನೊಂದ್ ಕೈ' ಅಂದೀರಿ."

ಟ್ರ್ಯಾಕ್ಟರು ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಬೇವಿನ ಮರದ ಕೆಳಗೆ ನಿಂತಿತ್ತು. ಹೊಸ ಕೆಂಪು ಬಣ್ಣದಲ್ಲಿ ಅದು ಅರಿಷಿಣ ಹಚ್ಚಿಸಿಕೊಂಡು ಹಸೆಮಣೆಗೆ ಕಾದಿರುವ ಮದುಮಗನಂತೆ ಹೊಳೆಯುತ್ತಿತ್ತು. ಗುರುಪಾದ ಕೈಯಲ್ಲಿ ಥಿನ್ನರಿನ ಡಬ್ಬಿ ಹಿಡಿದು ಅದರ ಮುಂದೆ ಹತ್ತು ನಿಮಿಷ ನಿಂತ. ಆಮೇಲೆ ಎಡಗಡೆ ಹೋಗಿ ಕುಳಿತು, ಗೇರ್‌ಬಾಕ್ಸಿನ ಮೇಲೆ ಒಂದು ಅಂಗೈಯಷ್ಟು ಜಾಗದ ಬಣ್ಣ ಕೆರೆದ. ಬರಿಯ ಬೀಡು. ಇನ್ನೊಂದು ಅಂಗೈ ಕೆರೆದ. ಮತ್ತೂ ಬೀಡು.

ಸೈಟಿನ ಆ ಕಡೆಯ ಮನೆಯ ಬೀರಲಿಂಗಪ್ಪ ಲುಂಗಿ ಎತ್ತಿ ಕಟ್ಟಿ, ಚಹಾದ ಕಪ್ಪು ಹಿಡಿದು ಬಂದು ನಿಂತರು. ಅವರೂ ಹೆಬ್ಬಳ್ಳಿಯವರೇ, ಅರವತ್ತರ ಹತ್ತಿರದವರು. ಮೂರು ವರ್ಷದಿಂದ ಈ ಗಾಡಿಯನ್ನು ಇಲ್ಲಿಂದ ತೆಗೆಸಬೇಕೆಂದು ಅವರ ಪ್ರಯತ್ನ ನಡೆದೇ ಇತ್ತು. ಎಣ್ಣೆ ಸೋರುತ್ತದೆ, ಇಲಿ ಸೇರುತ್ತವೆ, ಬಂದ ಬೀಗರು ಇದು ಗುಜರಿ ಅಂಗಡಿಯೇನೆಂದು ಕೇಳುತ್ತಾರೆ ಎಂಬುದು ಅವರ ದೂರು.

"ಏನಪಾ ಗುರುಪಾದ, ಮೂರು ವರ್ಷ ಹಚ್ಚಿದಿ. ಈಗ ಕೆರಿಯಾಕತ್ತಿ?"

"ನಂಬರ್ ಹುಡುಕಾಕತ್ತೇನಿ ಕಾಕಾ."

"ಯಾವ ನಂಬರ್? ಗುಜರಿಯವರದ್ದಾದ್ರ ನನ್ನ ಕಡೆ ಐತಿ."

ಬಾಬುಸಾಬ ಕಟ್ಟೆಯ ಮೇಲಿಂದ ನಕ್ಕ. ಗುರುಪಾದ ನಗಲಿಲ್ಲ. ಅವನು ಮೂರನೆಯ ಅಂಗೈಯ ಕೆಲಸದಲ್ಲಿದ್ದ.

ಹನ್ನೊಂದಕ್ಕೆ ಮೆಹಬೂಬ ಸ್ಕೂಟರಿನಲ್ಲಿ ಬಂದು ನೋಡಿ ತಲೆ ಕೊಡವಿದ. "ಇದೇನ್ರಿ, ಬಲಗಡೆ ಕೆರದೀರಿ?"

"ಎಡಗಡೆ ಅಂದ್ಯಲ್ಲೋ!"

"ಗಾಡಿ ಎಡಗಡೆ ಅಂದ್ರ ಮ್ಯಾಲ ಕುಂತಾವನ ಎಡಗಡೆ. ನೀವು ಗಾಡಿ ಮುಂದ ನಿಂತು ಎಡಗಡೆ ನೋಡೀರಿ."

ಇಪ್ಪತ್ತು ವರ್ಷ ಕೌಂಟರಿನಲ್ಲಿ ನಿಂತು ಎಡಗಡೆಯ, ಬಲಗಡೆಯ ಭಾಗಗಳನ್ನು ಮಾರಿದವನಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. ಹೆದರಿಕೆಯಲ್ಲಿ ಮರೆತಿದ್ದ. ಅವನು ಡಬ್ಬಿ ಎತ್ತಿಕೊಂಡು ಇನ್ನೊಂದು ಬದಿಗೆ ಹೋದ.

ಆದರೆ ಎಡಗಡೆಯಲ್ಲಿ ಎಲ್ಲಿ ಎಂಬುದು ಮೆಹಬೂಬನಿಗೂ ಸರಿಯಾಗಿ ನೆನಪಿರಲಿಲ್ಲ. ಎಂಜಿನ್ನಿನ ಹತ್ತಿರ ಇರಬೇಕೆಂದ. ಅಲ್ಲಿ ಕೆರೆದರು. ಕ್ಲಚ್ಚಿನ ಹತ್ತಿರ ಇರಬೇಕೆಂದ. ಅಲ್ಲೂ ಕೆರೆದರು. ಕಟ್ಟೆಯ ಮೇಲಿದ್ದ ಬಾಬುಸಾಬ, ಪಾತ್ರೆಗೆ ಯಾವಾಗಲೂ ಕಂಠದ ಹತ್ತಿರ ಹೆಸರು ಹಾಕುತ್ತಾರೆ, ಆದ್ದರಿಂದ ರೇಡಿಯೇಟರಿನ ಕಂಠದಲ್ಲಿ ನೋಡಬೇಕೆಂದ. ಗುರುಪಾದನಿಗೆ ಅದರಲ್ಲಿ ನಂಬಿಕೆ ಇರಲಿಲ್ಲ. ಆದರೆ ನೋಡದೆ ಬಿಟ್ಟು, ಆಮೇಲೆ ಅಲ್ಲೇ ಇತ್ತೆಂದು ಗೊತ್ತಾದರೆ? ಅಲ್ಲೂ ಕೆರೆದ. ಪೋಸ್ಟು ಕೊಡಲು ಬಂದವನೊಬ್ಬ ಹಿಂದಿನ ಅಚ್ಚಿನ ಮೇಲೆ ನೋಡಿರೆಂದು ಹೇಳಿ, ಕೆರೆಯುವುದನ್ನು ನೋಡಲು ನಿಲ್ಲದೆ ಹೋದ. ಮಧ್ಯಾಹ್ನ ಒಂದೂವರೆಯ ಹೊತ್ತಿಗೆ ಮದುಮಗನಿಗೆ ಮೈಲಿಬೇನೆ ಎದ್ದಂತಾಗಿತ್ತು.

ಮಡಿವಾಳಪ್ಪ ಊಟ ಮುಗಿಸಿ ಕೋಲೂರಿಕೊಂಡು ಬಂದು ಇದನ್ನು ನೋಡಿದರು. ಅವರಿಗೆ ಇಷ್ಟು ಸಂಕಟವಾದದ್ದನ್ನು ಗುರುಪಾದ ಎಂದೂ ನೋಡಿರಲಿಲ್ಲ.

"ಸಾಕು ಮಾಡೋ! ನಂಬರ್ ಸಿಕ್ಕು ಏನು ಉದ್ಧಾರ ಆಗೂದೈತಿ? ಬಣ್ಣಾ ಹಚ್ಚು. ಇದ್ದಬಿದ್ದದ್ದನ್ನೆಲ್ಲಾ ಕೆದರಬಾರದು."

"ಅಪ್ಪಾ, ನಿಮ್ಮ ಸಲವಾಗಿನ ಮಾಡಾಕತ್ತೇನಿ."

"ನನ್ನ ಸಲವಾಗಿ ಆದ್ರ ಬಿಡು ಅನ್ನಾಕತ್ತೇನಿ!"

ವಯಸ್ಸಾದವರು, ಹೊಸ ಬಣ್ಣ ಹಾಳಾದದ್ದಕ್ಕೆ ನೊಂದಿದ್ದಾರೆ ಎಂದು ಗುರುಪಾದ ತಿಳಿದ. ತನ್ನ ತಪ್ಪಿನಿಂದಲೇ ಇಷ್ಟೆಲ್ಲ ಆಯಿತೆಂದು ಅವನ ಕಣ್ಣು ತುಂಬಿ ಬಂತು. ಥಿನ್ನರಿನ ವಾಸನೆಗೆ ಎಂದು ಹೇಳಿ ಒರೆಸಿಕೊಂಡ.

ಬೀರಲಿಂಗಪ್ಪ ಈಗ ಮೂರನೆಯ ಚಹಾದಲ್ಲಿದ್ದರು. ಮೊದಮೊದಲು ಗೇಲಿ ಮಾಡಲು ನಿಂತವರು ಬರಬರುತ್ತ ಸುಮ್ಮನಾಗಿದ್ದರು. ಮಂದಿ ತಪ್ಪು ಜಾಗದಲ್ಲಿ ಕೆರೆಯುವುದನ್ನು ಅಷ್ಟು ಹೊತ್ತು ನೋಡಿಕೊಂಡು ನಿಲ್ಲುವುದು ಅವರಿಂದಾಗಲಿಲ್ಲ. ಕಪ್ಪನ್ನು ಬಾಬುಸಾಬನ ಕೈಗೆ ಕೊಟ್ಟು ಬಂದರು.

"ಸರೀರೋ ಆಕಡೆ. ನಮ್ಮಪ್ಪಂದೂ ಇಂಥಾದ ಗಾಡಿ ಇತ್ತು. ಇವರ ಗಾಡಿ ಬಂದ ವಾರನ ನಮ್ಮದೂ ಬಂತು. ನಾ ಸಣ್ಣಾಂವಿದ್ದಾಗ ದಿನಾ ಮಡ್‌ಗಾರ್ಡ್ ಮ್ಯಾಲ ಕುಂಡರತಿದ್ದೆ. ಇಳಿಯೂ ಮುಂದ ಹೆಬ್ಬಟ್ಟಿಗೆ ನಂಬರ್ ತಾಗತಿತ್ತು." ಲುಂಗಿಯನ್ನು ಒತ್ತಿ ಕುಳಿತು, ಬ್ಯಾಟರಿ ಇಡುವ ತಟ್ಟೆಯ ಕೆಳಗೆ ಕೈ ತೂರಿಸಿ ಬೆರಳಿನಿಂದ ತಡವಿದರು. "ಇಲ್ಲಿ ಕೆರಿ."

ಗುರುಪಾದ ಕೆರೆದ. ಕೆಂಪು ಹೋಯಿತು. ಬೂದು ಹೋಯಿತು. ಪುಟ್ಟಿ ಪುಡಿಯಾಗಿ ಉದುರಿತು. ಮೆಹಬೂಬ ಪಾಲಿಶ್ ಪೇಪರಿನಿಂದ ಮೆತ್ತಗೆ ತಿಕ್ಕಿದ. ಬೀಡಿನ ಮೈಯಲ್ಲಿ ಸಣ್ಣ ತಗ್ಗುಗಳು ಕಂಡವು. ಅದರ ಮೇಲೆ ಬಿಳಿ ಕಾಗದ ಒತ್ತಿ ಹಿಡಿದು, ಆರ್‌ಟಿಓ ಕಚೇರಿಯಲ್ಲಿ ಮಾಡುವಂತೆ ಪೆನ್ಸಿಲನ್ನು ಅಡ್ಡಲಾಗಿ ಆಡಿಸಿದರು. ಕಪ್ಪಿನ ನಡುವೆ ಬಿಳಿಯ ಅಂಕಿಗಳು ಒಂದೊಂದಾಗಿ ಮೂಡಿದವು. ಏಳು, ಒಂದು, ನಾಲ್ಕು, ಆರು.

ಬಾಬುಸಾಬ ಚಪ್ಪಾಳೆ ತಟ್ಟಿದ. ಸಂಗವ್ವ ಒಳಗಿನಿಂದ ಎಲ್ಲರಿಗೂ ಬೆಲ್ಲ ತಂದಳು. ಗುರುಪಾದ ಬೀರಲಿಂಗಪ್ಪನವರ ಕಾಲು ಮುಟ್ಟಿ ನಮಸ್ಕಾರ ಮಾಡಿದ. "ಕಾಕಾ, ನಿಮ್ಮ ಉಪಕಾರ ಈ ಜನ್ಮದಾಗ ತೀರಸೂದು ಆಗೂದಿಲ್ಲ."

"ತೀರಸಬ್ಯಾಡ. ಮೆರವಣಿಗಿ ಆದಮ್ಯಾಲ ಇದನ್ನ ಇಲ್ಲಿಂದ ತಗಿ. ಅಷ್ಟ ಸಾಕು," ಎಂದರು ಬೀರಲಿಂಗಪ್ಪ. ಮಡಿವಾಳಪ್ಪ ಬೆಲ್ಲ ತಿನ್ನಲಿಲ್ಲ. ಸಕ್ಕರೆ ಕಾಯಿಲೆ ಎಂದರು. ಅವರಿಗೆ ಸಕ್ಕರೆ ಕಾಯಿಲೆ ಇರುವುದು ಮನೆಯವರಿಗೆ ಆವತ್ತೇ ಗೊತ್ತಾದದ್ದು.

ಪರೀಕ್ಷಕರಾದ ತ್ರ್ಯಂಬಕರಾಯರು ನಾಲ್ಕಕ್ಕೆ ಐದು ನಿಮಿಷವಿರುವಾಗ ಬಂದರು. ಧಾರವಾಡದಲ್ಲಿ ಪಾಲಿಟೆಕ್ನಿಕ್ಕಿನ ಮಾಸ್ತರರಾಗಿ ನಿವೃತ್ತರಾದವರು. ಬಿಳಿ ಅಂಗಿ, ಕಂಕುಳಲ್ಲಿ ಒಂದು ಫೈಲು. ಒಂದು ಟಾರ್ಚು, ಒಂದು ಭೂತಗನ್ನಡಿ ಮತ್ತು ಹಲ್ಲಿನ ಡಾಕ್ಟರು ಇಟ್ಟುಕೊಳ್ಳುವಂಥ ಉದ್ದ ಹಿಡಿಯ ಸಣ್ಣ ಕನ್ನಡಿ ಹೊರತೆಗೆದರು. ಗಾಡಿಯ ಮೈಮೇಲಿನ ಬೊಕ್ಕೆಗಳನ್ನು ನೋಡಿ ಹುಬ್ಬೇರಿಸಿದರು.

"ಇದೇನ್ರೀ ಇದು?"

ಗುರುಪಾದ ನಡೆದದ್ದನ್ನೆಲ್ಲ ಹುಣಸೆಹಣ್ಣಿನಿಂದ ಹಿಡಿದು ಹೇಳಿದ. ಎಡಬಲ ತಪ್ಪಿದ್ದನ್ನೂ ಬಿಡಲಿಲ್ಲ. ರಾಯರು ಸಾವಧಾನವಾಗಿ ಕೇಳಿದರು. ಆಮೇಲೆ ಒಂದು ತಾಸು ಪರೀಕ್ಷೆ ನಡೆಯಿತು. ಅವರು ಕನ್ನಡಿಯನ್ನು ಒಳಗೆ ತೂರಿಸಿ ಡೈನಮೋ ನೋಡಿದರು. ಪಂಪು ನೋಡಿದರು. ಅಚ್ಚಿನ ಕೆಳಗೆ ಮಲಗಿ ಎದ್ದರು. ಪ್ರತಿ ಭಾಗದ ಎರಕದ ಗುರುತನ್ನೂ ಗುರುಪಾದನ ನೋಟುಬುಕ್ಕಿನ ಜೊತೆ ತಾಳೆ ಹಾಕಿ ಪೆನ್ಸಿಲಿನಿಂದ ಒಂದೊಂದು ಗೆರೆ ಎಳೆದರು.

"ಸರ್, ಆ ನಲ್ಲಿ ಹೊಸಾದು," ಎಂದ ಗುರುಪಾದ. ತಡೆದುಕೊಳ್ಳಲು ಆಗಿರಲಿಲ್ಲ.

"ಓದೀನ್ರೀ. ಕೆಂಪು ಶಾಯಿಲೇ ಬರದೀರಿ. ನಲ್ಲಿ ಲೆಕ್ಕಕ್ಕಿಲ್ಲ." ರಾಯರು ಕನ್ನಡಕ ತೆಗೆದು ಒರೆಸಿದರು. "ನೂರಾ ಹನ್ನೊಂದು ಗಾಡಿ ನೋಡೀನಿ ನಾನು. ಒಂದಕ್ಕ ಎಂಜಿನ್ ಬ್ಯಾರೆ, ಒಂದಕ್ಕ ಗೇರ್‌ಬಾಕ್ಸ್ ಬ್ಯಾರೆ. ಇಷ್ಟು ಅಸಲಿ ಇದ್ದದ್ದು, ಇಷ್ಟು ಪ್ರಾಮಾಣಿಕ ನೋಟುಬುಕ್ಕು ಎರಡನ್ನೂ ಒಂದೇ ಕಡೆ ನೋಡಿದ್ದು ಇದೇ ಮೊದಲು."

ಸಂಗವ್ವ ಕೈಮುಗಿದಳು. ಮಡಿವಾಳಪ್ಪನವರ ಮುಖದಲ್ಲಿ ಬೆಳಗಿನಿಂದ ಮೊದಲ ಬಾರಿ ಸ್ವಲ್ಪ ಬಣ್ಣ ಬಂತು. "ಹಂಗಾರ ಮುಗೀತಲ್ರಿ? ಸಹಿ ಮಾಡ್ರಿ," ಎಂದರು.

"ಮಾಡೇಬಿಟ್ಟೆ. ಬರೇ ಹೆಸರು ತಾಳೆ ನೋಡೋದದ." ರಾಯರು ಫೈಲು ಬಿಚ್ಚಿದರು. ಈ ಟ್ರ್ಯಾಕ್ಟರುಗಳನ್ನು ಹುಬ್ಬಳ್ಳಿಯಲ್ಲಿ ಮಾರುತ್ತಿದ್ದ ಅಂಗಡಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಆದರೆ ಅದರ ಮಾರಾಟದ ರಜಿಸ್ಟರು ಬಳಗದವರಿಗೆ ಸಿಕ್ಕಿತ್ತು. ಯಾವ ನಂಬರಿನ ಗಾಡಿ ಯಾವ ಊರಿನ ಯಾರಿಗೆ ಹೋಯಿತೆಂಬ ಪಟ್ಟಿ ಅದರಲ್ಲಿತ್ತು. ರಾಯರ ಬೆರಳು ಪುಟದ ಮೇಲಿಂದ ಕೆಳಗೆ ಇಳಿದು ಒಂದು ಕಡೆ ನಿಂತಿತು.

"ಎಪ್ಪತ್ತೊಂದು ನಲವತ್ತಾರು. ಹೌದು. ಹೆಬ್ಬಳ್ಳಿ." ಭೂತಗನ್ನಡಿ ಹಿಡಿದರು. "ಕರಿಸಿದ್ದಪ್ಪ ಅಂತಂದ್ರ ನಿಮ್ಮ ಅಜ್ಜಾರೇನು?"

ಬೇವಿನ ಮರದ ಮೇಲೆ ಒಂದು ಕಾಗೆ ಕೂಗಿತು.

"ಕರಿಸಿದ್ದಪ್ಪ ನಮ್ಮಪ್ಪ," ಎಂದರು ಬೀರಲಿಂಗಪ್ಪ.

ರಾಯರು ಇನ್ನೆರಡು ಸಾಲು ಕೆಳಗೆ ನೋಡಿದರು. "ಮಡಿವಾಳಪ್ಪ, ಹೆಬ್ಬಳ್ಳಿ. ಇಲ್ಲಿದ್ದಾರ ನೋಡ್ರಿ. ಅವರದು ಎಪ್ಪತ್ತೊಂದು ಐವತ್ತೆರಡು. ಅದು ಬ್ಯಾರೆ ಗಾಡಿ."

ಗುರುಪಾದ ಪೆನ್ಸಿಲಿನ ಕಾಗದವನ್ನು ಮತ್ತೆ ನೋಡಿದ. ತಲೆಕೆಳಗೆ ಮಾಡಿ ನೋಡಿದ. ಮತ್ತೊಮ್ಮೆ ಹೋಗಿ ಬೀಡನ್ನೇ ಮುಟ್ಟಿ ನೋಡಿ ಬಂದ. ಅಂಕಿಗಳು ಬದಲಾಗಿರಲಿಲ್ಲ.

"ಒಂದು ಮಾತು ಹೇಳತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ," ಎಂದರು ರಾಯರು ತಗ್ಗಿದ ದನಿಯಲ್ಲಿ. "ನಂಬರ್ ಅಳಿಸಿದ ಗಾಡಿಗಳು ಭಾಳ ಬರ್ತಾವ. ಅಂಥಲ್ಲಿ ಮನಿ ಹಿರಿಯರ ಬಾಯಿಮಾತು ಬರಕೊಂಡು ಮೊದಲ ಸಾಲಿಗೆ ಬಿಡೋದು ನಮ್ಮ ಪದ್ಧತಿ. ನೀವು ಇಷ್ಟು ಹುಡುಕದಿದ್ರ..." ವಾಕ್ಯ ಮುಗಿಸುವುದು ಅವರಿಗೆ ಸರಿ ಕಾಣಲಿಲ್ಲ. ಚಹಾ ಕುಡಿದರು.

"ಇದು ಹೆಂಗ ಆತು?" ಎಂದ ಗುರುಪಾದ. ಯಾರನ್ನು ಕೇಳಿದನೆಂದು ಅವನಿಗೇ ತಿಳಿಯಲಿಲ್ಲ.

ಬೀರಲಿಂಗಪ್ಪ ಹಣೆ ತಿಕ್ಕಿಕೊಂಡರು. "ಎಪ್ಪತ್ತೈದರಾಗ ಎರಡೂ ಗಾಡಿ ಕೂಡೇ ಹುಬ್ಬಳ್ಳಿ ವರ್ಕ್‌ಶಾಪಿಗೆ ಹೋಗಿದ್ವು. ನನಗ ನೆನಪೈತಿ. ಮಡಿವಾಳಣ್ಣ ಮೊದಲ ಹೋಗಿ ಗಾಡಿ ತಂದ್ರು. ನಮ್ಮಪ್ಪ ಮರುದಿನ ಹೋಗಿ ಉಳಿದದ್ದು ತಂದ. ಎರಡೂ ಕೆಂಪು, ಯಾರಿಗೆ ಗೊತ್ತಾಗಬೇಕು? ಅವತ್ತಿಂದ ನಮ್ಮ ಗಾಡಿ ಬರೇ ಹೊಗಿ. ಹೊಲದಾಗ ಬಿಟ್ರ ಎತ್ತು ಓಡಿ ಹೋಗತಿದ್ವು. ವರ್ಕ್‌ಶಾಪಿನವರು ಕೆಡಿಸಿದ್ರಂತ ನಮ್ಮಪ್ಪ ಸಾಯೂತನಕಾ ಅವರನ್ನ ಬೈದ."

"ಪಾಪ, ಅವರು ಕೆಡಿಸಿರಲಿಲ್ಲ," ಎಂದರು ಮಡಿವಾಳಪ್ಪ. ಯಾರನ್ನೂ ಸುಳ್ಳೇ ಬೈಯಬಾರದೆಂಬ ನ್ಯಾಯದ ದನಿಯದು. "ಅದು ಮೊದಲಿಂದಾನೂ ಹೊಗಿ ಬಿಡತಿತ್ತು."

ಎಲ್ಲರೂ ಅವರ ಕಡೆ ತಿರುಗಿದರು. ಮಡಿವಾಳಪ್ಪನವರ ಬಾಯಿ ಇನ್ನೂ ಸ್ವಲ್ಪ ತೆರೆದೇ ಇತ್ತು. ಅದನ್ನು ನಿಧಾನವಾಗಿ ಮುಚ್ಚಿಕೊಂಡು, ಬೇವಿನ ಮರದಲ್ಲಿ ಯಾವ ಕಾಗೆ ಕೂಗಿತೆಂದು ಹುಡುಕತೊಡಗಿದರು.

"ಅಪ್ಪಾ," ಎಂದ ಗುರುಪಾದ.

"ಏನು?"

"ಏನಿಲ್ಲ."

ಸಂಗವ್ವ ಕಪ್ಪುಗಳನ್ನು ಎತ್ತಿಕೊಂಡು, ಇನ್ನೂ ಚಹಾ ಇದ್ದದ್ದನ್ನೂ ಸೇರಿಸಿಕೊಂಡು, ಒಳಗೆ ಹೋದಳು.

"ಕಾಕಾ, ನಮ್ಮ... ಆ ಇನ್ನೊಂದು ಗಾಡಿ ಈಗ ಎಲ್ಲೈತಿ?" ಎಂದು ಗುರುಪಾದ ಕೇಳಿದ.

"ಎರಡು ಸಾವಿರದ ಎರಡರಾಗ ಗುಜರಿಗೆ ಹಾಕಿದ್ವಿ. ಲೋಡಿನ ಗಾಡ್ಯಾಗ ಎತ್ತಿ ಒಯ್ಯೂಮುಂದನೂ ಹೊಗಿ ಬಿಡತಿತ್ತಪಾ."

ಬೀರಲಿಂಗಪ್ಪ ಜಗಳ ತೆಗೆಯಲಿಲ್ಲ. ಅವರು ಎದ್ದು ಗಾಡಿಯ ಸುತ್ತ ಒಂದು ಸುತ್ತು ಹಾಕಿದರು. ಮಡ್‌ಗಾರ್ಡಿನ ಮೇಲೆ ಕೈ ಇಟ್ಟು ಅಲ್ಲೇ ಬಹಳ ಹೊತ್ತು ನಿಂತರು. ತಿರುಗಿ ಬಂದಾಗ ಅವರ ನಡಿಗೆಯೇ ಬೇರೆಯಾಗಿತ್ತು. 

"ಗುರುಪಾದ, ಇದನ್ನ ಯಾಕೋ ಗಿಡದ ಬುಡಕ ನಿಲ್ಲಿಸೀ? ಹಕ್ಕಿ ಹೊಲಸು ಮಾಡತಾವು. ಒಂದು ತಾಡಪತ್ರಿರ ಹೊಚ್ಚಬಾರದ?"

"ಹೊಚ್ಚತೇನಿ ಕಾಕಾ."

"ಮತ್ತ ಎಣ್ಣಿ ಸೋರತೈತಿ ನೋಡು. ಮೂರು ವರ್ಷದಿಂದ ಹೇಳಾಕತ್ತೇನಿ."

"ನೋಡತೇನಿ ಕಾಕಾ."

ತ್ರ್ಯಂಬಕರಾಯರು ಫಾರಂ ತುಂಬಿಸಿದರು. ಮುಖ್ಯ ಭಾಗಗಳು ಎಲ್ಲವೂ ಅಸಲಿ. ಮೊದಲು ಕೊಂಡವರ ಮನೆತನ, ಬೀರಲಿಂಗಪ್ಪ ಕರಿಸಿದ್ದಪ್ಪ. ಮೊದಲ ಸಾಲು, ಮೊದಲನೆಯ ಸ್ಥಾನ. ಪರಿಶೀಲನೆಗೆ ನೆರವಾದವರು ಎಂಬ ಜಾಗದಲ್ಲಿ ಗುರುಪಾದನ ಹೆಸರು ಬರೆದು ಸಹಿ ಮಾಡಿಸಿಕೊಂಡರು. ಅವನು ಸಹಿ ಮಾಡುವ ಮೊದಲು ಪ್ರತಿ ಸಾಲನ್ನೂ ಓದಿದ. ಒಂದೂ ತಪ್ಪಿರಲಿಲ್ಲ.

ರಾಯರು ಹೊರಟ ಮೇಲೆ ಮೆಹಬೂಬ ಸ್ಕೂಟರು ಒದ್ದು ಹೋದ. ಬಾಬುಸಾಬ ಮಾತ್ರ ಇನ್ನೂ ಕಟ್ಟೆ ಬಿಟ್ಟಿರಲಿಲ್ಲ.

"ರವಿವಾರಕ್ಕ ಇನ್ನ ಎರಡು ದಿನ ಐತಿ," ಎಂದರು ಬೀರಲಿಂಗಪ್ಪ, ಗಾಡಿಯ ಬೊಕ್ಕೆಗಳನ್ನು ಬೆರಳಿನಿಂದ ಎಣಿಸುತ್ತ. "ಅಷ್ಟರಾಗ ಬಣ್ಣ ಸರಿ ಮಾಡಿಬಿಡಪಾ ತಮ್ಮಾ. ನಮ್ಮಪ್ಪನ ಗಾಡಿ ಹಿಂಗ ಊರಾಗ ಹೋಗಬಾರದು. ಓಡಸಾಕ ನನಗ ಬರೂದಿಲ್ಲ, ಅದನ್ನೂ ನೀನ ಓಡಸು. ನಾ ಮಡ್‌ಗಾರ್ಡ್ ಮ್ಯಾಲ ಕುಂಡರತೇನಿ."

ಗುರುಪಾದ ಕೆಂಪು ಬಣ್ಣದ ಡಬ್ಬಿಯ ಮುಚ್ಚಳ ತೆಗೆದ. ಒಮ್ಮೆ ತಂದೆಯ ಕಡೆ ನೋಡಿದ. ಅವರು ಕೋಲಿನ ಮೇಲೆ ಗದ್ದ ಊರಿ ಕುಳಿತಿದ್ದರು. ಅಗಸಿಯ ಮುಂದೆ ನಿಲ್ಲಲಿರುವ ಹೆಬ್ಬಳ್ಳಿಯ ಅಷ್ಟೂ ಜನ ಅವರ ಕಣ್ಣ ಮುಂದೆ ಬಂದಿರಬೇಕು.

"ಅಪ್ಪಾ, ಹಿಂದ ಟೆಂಪೋದಾಗ ನಿಮಗೊಂದು ಜಾಗಾ ಹೇಳತೇನಿ," ಎಂದ ಆದಷ್ಟು ಮೆತ್ತಗೆ.

ಮಡಿವಾಳಪ್ಪ ಗದ್ದವನ್ನು ಕೋಲಿನಿಂದ ಎತ್ತಿದರು.

"ಆ ಟೆಂಪೋ," ಎಂದು ಕೇಳಿದರು, "ಹೊಗಿ ಬಿಡತೈತೇನು?"